ರಾಗಿ ಡ್ರಮ್ಮಿನ ಬಾಟಲಿ

ನಾಗಸಂದ್ರದಲ್ಲಿ ರಾಗಿ ಡ್ರಮ್ಮು ಇಟ್ಟುಕೊಂಡ ಮನೆಗಳು ಈಗ ಬೆರಳಲ್ಲಿ ಎಣಿಸುವಷ್ಟು. ಆ ಡ್ರಮ್ಮಿನೊಳಗೆ ಪರದೇಶದ ವೈನಿನ ಬಾಟಲಿ ಹೂತಿಟ್ಟ ಮನೆ ಮಾತ್ರ ಒಂದೇ ಒಂದು, ಅದು ರಾಮಾಂಜಿನಪ್ಪನದು. ಇಪ್ಪತ್ತೆಂಟು ವರ್ಷ ಆ ಬಾಟಲಿ ಅಲ್ಲೇ ಇತ್ತು. ಅಷ್ಟರಲ್ಲಿ ಹಿತ್ತಲಿನ ಹೊಲದಲ್ಲಿ ಬಾಡಿಗೆ ಮನೆಗಳೆದ್ದವು, ಮೆಟ್ರೊ ಬಂತು, ಮಗನಿಗೆ ಮದುವೆಯಾಗಿ ಮೊಮ್ಮಗಳು ಸಂಬಳ ತರುವಷ್ಟು ದೊಡ್ಡವಳಾದಳು. ಬಾಟಲಿ ಮಾತ್ರ ರಾಗಿಯೊಳಗೆ ತಣ್ಣಗೆ ಇತ್ತು. ಮಲಗಿತ್ತೋ, ನಿಂತಿತ್ತೋ ಎನ್ನುವುದೇ ಮುಂದೆ ಜಗಳವಾಯಿತು.

ರಾಮಾಂಜಿನಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಉಕ್ಕನ್ನು ಕಾಯಿಸಿ ಹದ ಮಾಡುವ ಕೆಲಸದಲ್ಲಿದ್ದ. ಕುಲುಮೆಯ ಬಾಗಿಲು ಒಂದು ಗೇಣು ತೆಗೆದು ಒಳಗಿನ ಕೆಂಪು ನೋಡಿದರೆ ಸಾಕು, ಈಗ ಎಣ್ಣೆಗೆ ಅದ್ದಬಹುದೋ, ಇನ್ನೂ ಐದು ನಿಮಿಷ ಬೇಕೋ ಎಂದು ಹೇಳಿಬಿಡುತ್ತಿದ್ದ. ತೊಂಬತ್ತೇಳರಲ್ಲಿ ಹೊಸ ಕುಲುಮೆ ಕೂಡಿಸಲು ಪೋರ್ಚುಗಲ್ಲಿನಿಂದ ದುವಾರ್ತೆ ಎಂಬ ಎಂಜಿನಿಯರು ಬಂದ. ಹೋಟೆಲು ಊಟ ಒಗ್ಗದೆ ಆತನ ಹೊಟ್ಟೆ ಕೆಟ್ಟಿತು. "ನಮ್ಮನೇಗೆ ಬನ್ನಿ ಸಾರ್" ಎಂದು ರಾಮಾಂಜಿನಪ್ಪ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಬಂದ. ಹನ್ನೊಂದು ವಾರ ಆ ಮನುಷ್ಯ ರಾಮಾಂಜಿನಪ್ಪನ ಹೆಂಡತಿ ಭಾಗ್ಯಮ್ಮನ ಕೈಯ ಮುದ್ದೆ, ಉಪ್ಸಾರು ಉಂಡ. ಮೊದಲ ದಿನ ಮುದ್ದೆಯನ್ನು ಅಗಿಯುತ್ತ ಕೂತಿದ್ದ. ಭಾಗ್ಯಮ್ಮ ಸೆರಗು ಬಾಯಿಗೆ ಹಿಡಿದು, "ನುಂಗ್ಬೇಕು ಅನ್ನಿ ಅವ್ರಿಗೆ, ಇಂಗೆ ಅಗೀತಾ ಕುಂತ್ರೆ ಬೆಳಗಾಗೋಯ್ತದೆ" ಎಂದು ನಕ್ಕಿದ್ದಳು.

ಹೋಗುವ ಮುನ್ನ ದುವಾರ್ತೆ ಆ ಬಾಟಲಿ ಕೊಟ್ಟ. ತನ್ನ ಊರಿನ ಕಡೆಯ ಪೋರ್ಟ್ ವೈನು, ತೊಂಬತ್ತನಾಲ್ಕರ ಬೆಳೆಯ ದ್ರಾಕ್ಷಿಯದು, ಈಗಲೇ ಕುಡಿಯಬಾರದು ಎಂದ. ಇಪ್ಪತ್ತೈದು ಮೂವತ್ತು ವರ್ಷ ತಂಪಾದ ಕತ್ತಲಲ್ಲಿ ಮಲಗಿಸಿಡಬೇಕು, ಇಲ್ಲವಾದರೆ ಬಿರಡೆ ಒಣಗಿ ಗಾಳಿ ಹೊಕ್ಕು ಕೆಡುತ್ತದೆ. ಬಾಟಲಿಯ ಒಂದು ಮಗ್ಗುಲಿಗೆ ಸುಣ್ಣದಂಥ ಬಿಳಿ ಗೆರೆ ಎಳೆದಿತ್ತು. ಆ ಮಗ್ಗುಲು ಯಾವಾಗಲೂ ಮೇಲಿರಬೇಕು. "ಹದ ಆಯ್ತು ಅಂತ ಎಂಗೆ ಗೊತ್ತಾಗ್ತದೆ ಸಾರ್?" ಎಂದು ರಾಮಾಂಜಿನಪ್ಪ ಕೇಳಿದ್ದಕ್ಕೆ, "ನಿನಗೆ ಗೊತ್ತಾಗುತ್ತೆ" ಎಂದು ಬೆನ್ನು ತಟ್ಟಿ ವಿಮಾನ ಹತ್ತಿದ.

ನಾಗಸಂದ್ರದ ಶೀಟು ಮನೆಯಲ್ಲಿ ತಂಪಾದ ಕತ್ತಲು ಎಲ್ಲಿಂದ ತರುವುದು? ರಾಮಾಂಜಿನಪ್ಪನಿಗೆ ಅಜ್ಜನ ಕಾಲದ ಹಗೇವು ನೆನಪಾಯಿತು. ನೆಲದೊಳಗಿನ ಆ ಗುಂಡಿಯಲ್ಲಿ ರಾಗಿ ಹತ್ತಿಪ್ಪತ್ತು ವರ್ಷ ಕೆಡದೆ ಇರುತ್ತಿತ್ತು. ರಾಗಿಯನ್ನೇ ಕಾಯುವ ತಂಪು ಬಾಟಲಿಯನ್ನು ಕಾಯದೇ ಇದ್ದೀತೆ? ಹಗೇವಿನ ಬದಲು ಡ್ರಮ್ಮಿನ ರಾಗಿಯಲ್ಲೇ ಬಾಟಲಿಯನ್ನು ಮಗುವಿನಂತೆ ಮಲಗಿಸಿ, ಮೇಲೆ ರಾಗಿ ಸುರಿದು, ಕೈ ಕೊಡವಿಕೊಂಡ. ಅಲ್ಲಿಗೆ ಅವನ ಕೆಲಸ ಮುಗಿಯಿತು. ಡ್ರಮ್ಮಿಗೆ ದಿನಾ ಕೈ ಹಾಕುವವಳು ಭಾಗ್ಯಮ್ಮ.

ಅಡ್ಡಡ್ಡ ಮಲಗಿದ ಬಾಟಲಿ ಅವಳ ಸೇರಿಗೆ ಟಣ್ಣೆಂದು ಬಡಿಯುತ್ತಿತ್ತು. ಒಡೆದರೆ ಡ್ರಮ್ಮಿನ ರಾಗಿಯೆಲ್ಲ ಹಾಳು. ಒಂದು ತಿಂಗಳು ಸಹಿಸಿದಳು. ಆಮೇಲೆ ಬಾಟಲಿಯನ್ನು ಎತ್ತಿ ಡ್ರಮ್ಮಿನ ಅಂಚಿಗೆ ನೆಟ್ಟಗೆ ನಿಲ್ಲಿಸಿಬಿಟ್ಟಳು. ಸೇರು ಸಲೀಸಾಗಿ ಇಳಿಯಿತು. ಆ ವರ್ಷದ ಆಯುಧಪೂಜೆಗೆ ರಾಮಾಂಜಿನಪ್ಪ ಸ್ಪ್ಯಾನರು, ಇಕ್ಕಳಗಳ ಜೊತೆ ಬಾಟಲಿಯನ್ನೂ ಪೂಜೆಗಿಡಬೇಕೆಂದ. ಭಾಗ್ಯಮ್ಮ ಹಕ್ಕಿ ಹಿಕ್ಕೆಯೋ ಏನೋ ಎಂದುಕೊಂಡು ಆ ಬಿಳಿ ಗೆರೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ತೊಳೆದೇ ತಂದಳು. "ಗೆರೆ ಎಲ್ಲೋಯ್ತೇ?" ಎಂದ. "ಅಳಿಸೋಯ್ತು, ಬಣ್ಣ ಅಂದ್ಮೇಲೆ ಅಳಿಸ್ದೆ ಇರ್ತದಾ?" ಎಂದಳು. ಪೂಜೆ ಮುಗಿದ ಮೇಲೆ ಕುಂಕುಮ ಮೆತ್ತಿದ ಬಾಟಲಿ ಅವಳ ಕೈಗೆ ಬಂತು. "ಮಲಗ್ಸೇ ಇಡ್ತೀಯ ತಾನೆ?"

"ಹೂಂ."

ಹೀಗೆ ವರ್ಷಕ್ಕೊಂದು ಹೂಂ. ಹೇಳುವಾಗ ಎಳ್ಳಷ್ಟೂ ಭಾರವಿರಲಿಲ್ಲ. ಮಂಡಿನೋವು ಬಂದು ಅಡುಗೆಮನೆಯನ್ನು ಸೊಸೆ ಶೋಭಾರಾಣಿಗೆ ಬಿಟ್ಟುಕೊಟ್ಟಾಗ ಅದನ್ನೂ ಹೇಳಿಕೊಟ್ಟಳು, "ಬಾಟ್ಲಿ ಅಂಚಿಗೆ ನಿಲ್ಲಿಸ್ಕೊಳಮ್ಮ, ಸೇರಿಗೆ ತಗಲಲ್ಲ." ಸೊಸೆ ಹಾಗೇ ಮಾಡಿಕೊಂಡು ಬಂದಳು. ಅದಕ್ಕೂ ಎಂಟು ವರ್ಷವಾಯಿತು.

ಈ ನಡುವೆ ಕಾರ್ಖಾನೆ ಮುಚ್ಚಿತು, ಆ ಶೆಡ್ಡು ಯಾರದೋ ಗೋದಾಮಾಯಿತು. ದುವಾರ್ತೆಯ ಹೊಸ ವರ್ಷದ ಕಾರ್ಡುಗಳು ನಿಂತು ಎಷ್ಟೋ ಕಾಲವಾಯಿತು. ಜೊತೆಯಲ್ಲಿ ದುಡಿದವರಲ್ಲಿ ಮುಕ್ಕಾಲು ಜನ ಹೋಗಿಯೇಬಿಟ್ಟರು. ಸಂಜೆ ಜಗಲಿಯಲ್ಲಿ ಕೂತು ರಾಮಾಂಜಿನಪ್ಪ ಹನ್ನೊಂದು ವಾರದ ಅದೇ ಕತೆಗಳನ್ನು ಹೇಳುತ್ತಿದ್ದ. "ತೆಗೀರಪ್ಪ, ಇಪ್ಪತ್ತೈದು ಆಯ್ತಲ್ಲ" ಎಂದು ಮಗ ಅಂಬರೀಶ್ ಎಂದರೆ, "ಇನ್ನೂ ಹದ ಬರ್ಬೇಕು" ಎನ್ನುತ್ತಿದ್ದ. ಒಂದು ವರ್ಷ ಲಾಕ್‌ಡೌನು, ಒಂದು ವರ್ಷ ಸಕ್ಕರೆ ಕಾಯಿಲೆ, ಏನೋ ಒಂದು ನೆಪ. ತೆಗೆದರೆ ಮುಗಿದುಹೋಗುತ್ತಲ್ಲ ಎಂಬ ಹೆದರಿಕೆ ಅವನಿಗೆ, ಅದು ಭಾಗ್ಯಮ್ಮನಿಗೆ ಗೊತ್ತಿತ್ತು.

ಈ ವರ್ಷ ಫೆಬ್ರವರಿ ಕೊನೆಯಲ್ಲಿ ಮಾಗಡಿ ಕಡೆಯ ತವರಿನಿಂದ ಹೊಸ ರಾಗಿ ಬಂತು. ಡ್ರಮ್ಮು ಬರಿದು ಮಾಡಿ ಬಿಸಿಲಿಗೆ ಇಟ್ಟಿದ್ದರು, ಬಾಟಲಿ ಹಜಾರದ ಮೇಜಿನ ಮೇಲಿತ್ತು. ಅವತ್ತು ಮೊಮ್ಮಗಳು ಮೇಘಾಗೆ ರಜೆ. ಅವಳು ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ವೈಟ್‌ಫೀಲ್ಡಿನ ದೊಡ್ಡ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ್ದಳು, ವೈನಿನ ವಿಚಾರದಲ್ಲಿ ಟ್ರೇನಿಂಗೂ ಆಗಿತ್ತು. ಬಾಟಲಿಯ ಹಿಂದೆ ಮೊಬೈಲಿನ ಬೆಳಕು ಹಿಡಿದು ನೋಡಿದವಳೇ, "ತಾತ, ಇದನ್ನ ಯಾರು ನಿಲ್ಲಿಸಿಟ್ಟಿದ್ದು?" ಎಂದಳು.

"ನಿಲ್ಲಿಸಿಡೋದಾ? ಮಲಗ್ಸೇ ಇರೋದು ಅದು."

"ಇಲ್ಲ ತಾತ. ಮಲಗಿಸಿದ್ರೆ ಗಷ್ಟು ಸೈಡಲ್ಲಿ ಕೂತಿರ್ತಿತ್ತು. ನೋಡಿ ಇಲ್ಲಿ, ಪೂರ್ತಿ ತಳದಲ್ಲಿದೆ. ಒಂದೆರಡು ದಿನದ್ದಲ್ಲ ಇದು, ವರ್ಷಗಟ್ಟಲೆ ನಿಂತಿದೆ. ಲೆವೆಲ್ಲೂ ಇಳಿದಿದೆ. ಕಾರ್ಕು ಒಣಗಿರ್ಬೇಕು."

"ಅಂಗಂದ್ರೆ?"

"ಕೆಟ್ಟಿರಬಹುದು. ಕೆಟ್ಟಿಲ್ದೇನೂ ಇರಬಹುದು. ತೆಗೆದೇ ನೋಡ್ಬೇಕು. ಇನ್ನು ಕಾಯೋಕಂತೂ ಆಗಲ್ಲ ತಾತ."

ರಾಮಾಂಜಿನಪ್ಪನ ಮುಖ ಸಣ್ಣದಾಯಿತು. ಎಪ್ಪತ್ತನಾಲ್ಕರ ಗಂಡಸು ಮೇಜಿನ ಅಂಚು ಹಿಡಿದುಕೊಂಡು ನಿಂತುಬಿಟ್ಟ. ನಾನೇ ಎನ್ನುವ ಮಾತು ಭಾಗ್ಯಮ್ಮನ ನಾಲಿಗೆಯ ತುದಿಗೆ ಬಂತು, ಆದರೆ ಆ ಮುಖ ನೋಡಿ ಅಲ್ಲೇ ನಿಂತಿತು. ಅಷ್ಟರಲ್ಲಿ ಅವನು ಅಡುಗೆಮನೆಯ ಕಡೆ ತಿರುಗಿದ್ದ.

"ಶೋಭಾ! ಎಂಟೊರ್ಷದಿಂದ ಡ್ರಮ್ಮು ನಿನ್ನ ಕೈಲಲ್ವೇನಮ್ಮ ಇರೋದು?"

ಶೋಭಾರಾಣಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. "ಹೌದು ಮಾವ."

"ಮಲಗಿದ್ದ ಬಾಟ್ಲಿನ ಯಾಕೆ ನಿಲ್ಸಿದ್ದು?"

ಅವಳು ಒಂದು ಸಲ ಅತ್ತೆಯ ಕಡೆ ನೋಡಿದಳು. ಒಂದೇ ಒಂದು ಸಲ. ಭಾಗ್ಯಮ್ಮ ಮೊರ ತೆಗೆದುಕೊಂಡು ರಾಗಿ ಕೇರಲು ಶುರುಮಾಡಿದಳು.

"ನಾನು ಬಂದಾಗ ಹೇಗಿತ್ತೋ ಹಾಗೇ ಇಟ್ಟಿದ್ದೀನಿ ಮಾವ."

"ಸುಳ್ಳು ಬ್ಯಾರೆ! ಭಾಗ್ಯ ಒರ್ಷೊರ್ಷ ನಂಗೆ ಯೋಳಿದಾಳೆ, ಮಲಗ್ಸಿಟ್ಟಿದೀನಿ ಅಂತ. ನಿಮ್ಮನೇಲಿ ರಾಗಿ ಡ್ರಮ್ಮೇ ಇರ್ಲಿಲ್ಲ, ಪ್ಯಾಕೆಟ್ ರಾಗಿಟ್ಟು ತಂದು ತಿಂದೋರು ನೀವು. ನಿಮ್ಗೇನು ಗೊತ್ತು ಇದರ ಬೆಲೆ!"

"ಅಪ್ಪ, ಸಾಕು" ಎಂದ ಅಂಬರೀಶ್. "ಒಂದು ಬಾಟ್ಲಿಗೆ ಮನೆ ಮಾತೆಲ್ಲ ಯಾಕೆ?"

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶೋಭಾರಾಣಿ ಅಡುಗೆಮನೆಗೆ ಮರಳಿದಳು. ಅವತ್ತಿನಿಂದ ಮಾವನ ಊಟ ಮೇಘಾಳ ಕೈಯಲ್ಲೋ ಅಂಬರೀಶನ ಕೈಯಲ್ಲೋ ಹಜಾರಕ್ಕೆ ಬರುತ್ತಿತ್ತು. ಇಪ್ಪತ್ತೈದು ವರ್ಷ "ಇನ್ನೊಂಚೂರು ಸಾರು ಹಾಕ್ಲಾ ಮಾವ" ಎನ್ನುತ್ತಿದ್ದ ಹೆಂಗಸು ಬಾಗಿಲಿನಾಚೆಯೇ ಉಳಿದಳು. ರಾಮಾಂಜಿನಪ್ಪನೂ ಬಿಗಿದುಕೊಂಡ. ಬಾಟಲಿಯನ್ನು ತಾನೇ ಬೀರುವಿನೊಳಗೆ ಪಂಚೆ ಹಾಸಿ ಮಲಗಿಸಿ, ಕೀಲಿ ಸೊಂಟಕ್ಕೆ ಸಿಕ್ಕಿಸಿಕೊಂಡ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ.

ನಾಲ್ಕನೆಯ ದಿನ ಮುದ್ದೆಯಲ್ಲಿ ಗಂಟು ಸಿಕ್ಕಿತು. "ಬಾಟ್ಲಿ ಕೆಡ್ಸಿದ್ದಾಯ್ತು, ಈಗ ಮುದ್ದೆ" ಎಂದ. ಗೋಡೆಯಾಚೆ ಪಾತ್ರೆಯ ಸದ್ದು ನಿಂತಿತು. ಮಾರನೆಯ ಬೆಳಿಗ್ಗೆ ಶೋಭಾರಾಣಿ ಬ್ಯಾಗು ಹಿಡಿದು ಹೊರಟಳು. ಸಿಂಗಸಂದ್ರದಲ್ಲಿ ಅವಳ ತಾಯಿ ಅಶ್ವತ್ಥಮ್ಮನಿಗೆ ಕಣ್ಣಿನ ಆಪರೇಷನ್ ಆಗಿತ್ತು, ನೋಡಿಕೊಳ್ಳಬೇಕು ಎಂಬುದು ನೆಪ. "ಎರಡು ದಿನ" ಎಂದವಳು ಎರಡು ವಾರವಾದರೂ ಬರಲಿಲ್ಲ.

ಮುದ್ದೆ ತಿರುವುವ ಕೆಲಸ ಭಾಗ್ಯಮ್ಮನ ತಲೆಗೇ ಬಂತು. ಅರವತ್ತೆಂಟರ ತೋಳಿಗೆ ಆ ಕೋಲು ಒನಕೆಯಷ್ಟು ಭಾರ. ದಿನಾ ಡ್ರಮ್ಮಿನ ಮುಚ್ಚಳ ತೆಗೆದಾಗ ಬರಿದಾದ ಅಂಚು ಕಾಣುತ್ತಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ, ಯಾರಾದರೂ ರಾಗಿಯ ಮಾತೆತ್ತಿದರೂ ಬೆಚ್ಚುತ್ತಿದ್ದಳು. ಗಂಡನ ಸಿಟ್ಟಿಗೆ ಅವಳು ಹೆದರಿದವಳಲ್ಲ. ಆ ಸಿಟ್ಟು ಸಾರಿನ ನೊರೆ, ಉಕ್ಕಿದಷ್ಟೇ ಬೇಗ ಇಳಿಯುತ್ತದೆ. ಆದರೆ ಪೀಣ್ಯದ ಆ ಒಳ್ಳೆಯ ದಿನಗಳಿಂದ ಅವನ ಕೈಯಲ್ಲಿ ಉಳಿದದ್ದು ಅದೊಂದೇ ಬಾಟಲಿ. ಅದನ್ನು ಹಾಳು ಮಾಡಿದ್ದು ನಾನು ಎಂದು ಯಾವ ಬಾಯಲ್ಲಿ ಹೇಳುವುದು? ಹೇಳದೇ ಇದ್ದರೆ ಸೊಸೆ ಬರುವುದಿಲ್ಲ. ಬಿಸಿ ತುಪ್ಪ ಗಂಟಲಲ್ಲಿ ಸಿಕ್ಕಿಕೊಂಡಿತು, ಉಗುಳಲೂ ಆಗದು, ನುಂಗಲೂ ಆಗದು.

"ಅಮ್ಮ, ನೀನಾದ್ರೂ ಅಪ್ಪಂಗೆ ಹೇಳು" ಎಂದು ಒಂದು ರಾತ್ರಿ ಊಟದ ಹೊತ್ತಿಗೆ ಅಂಬರೀಶ್ ದನಿ ತಗ್ಗಿಸಿ ಅಂದ. "ಶೋಭಾಗೆ ಒಂದು ಫೋನ್ ಮಾಡ್ಲಿ. ಹಬ್ಬಕ್ಕೂ ಬರಲ್ಲ ಅಂದ್ರೆ ಏನ್ ಚೆನ್ನಾಗಿರುತ್ತೆ?"

"ಯೋಳ್ತೀನಿ ಬಿಡಪ್ಪ" ಎಂದಳು. ಏನು ಹೇಳುತ್ತಾಳೆಂದು ಅವನಿಗೆ ಗೊತ್ತಿರಲಿಲ್ಲ.

ಅತ್ತ ರಾಮಾಂಜಿನಪ್ಪ ಮೇಘಾಳ ರಜೆಯ ದಿನಕ್ಕೇ ಕಾದಿದ್ದ. "ಯಾವತ್ತು ತೆಗ್ಯೋಣ, ನೀನೇ ಯೋಳವ್ವ." ಬಾಟಲಿಯ ಕತ್ತಿನ ಬಳಿ ಬೆಳಕು ಹಿಡಿದು ಬಣ್ಣ ನೋಡಿದಳು ಹುಡುಗಿ. ನೇರಳೆ ಹೋಗಿ ಇಟ್ಟಿಗೆಯ ಕೆಂಪು ಬಂದಿತ್ತು. ಅಜ್ಜನೂ ಕನ್ನಡಕ ಏರಿಸಿ ಇಣುಕಿದ. "ಹದ ಮೀರಿದ ಉಕ್ಕು ಇಂಗೇ ಕಾಣ್ತಿತ್ತು" ಎಂದು ನಿಟ್ಟುಸಿರು ಬಿಟ್ಟ. ಕೊನೆಗೆ ಯುಗಾದಿಯ ಮಾರನೆಯ ದಿನ, ವರ್ಷತೊಡಕಿಗೆ ತೆಗೆಯುವುದೆಂದು ನಿಶ್ಚಯವಾಯಿತು. ಹಬ್ಬದ ದಿನ ಒಬ್ಬಟ್ಟು, ಮಾರನೆಯ ದಿನ ಬಾಡೂಟ. ಕುಡಿಯುವವರಿಗೆ ಆ ದಿನ ಯಾರೂ ಏನೂ ಅನ್ನುವುದಿಲ್ಲ.

ಹಬ್ಬಕ್ಕೆ ಐದು ದಿನವಿತ್ತು. ಭಾಗ್ಯಮ್ಮ ಮೇಘಾಳನ್ನು ಕರೆದುಕೊಂಡು ಮೆಟ್ರೊ ಹತ್ತಿದಳು. ಮಧ್ಯದಲ್ಲೊಮ್ಮೆ ಇಳಿದು ಇನ್ನೊಂದು ಗಾಡಿ, ಮಂಡಿ ಹಿಡಿದುಕೊಂಡು ಮೆಟ್ಟಿಲು. ಸಿಂಗಸಂದ್ರ ತಲುಪುವಷ್ಟರಲ್ಲಿ ಮಧ್ಯಾಹ್ನವಾಯಿತು. ಕಪ್ಪು ಕನ್ನಡಕ ಹಾಕಿದ್ದ ಅಶ್ವತ್ಥಮ್ಮ, "ಬನ್ನಿ ಬೀಗಿತ್ತಿ, ಊಟ ಮಾಡ್ಕೊಂಡೇ ಹೋಗ್ಬೇಕು" ಎಂದು ಉಪಚಾರ ಮಾಡಿ ಒಳಕೋಣೆಗೆ ಸರಿದಳು. ಮೇಘಾಳೂ ಅವಳ ಹಿಂದೆ ಹೋದಳು. ಅತ್ತೆ ಸೊಸೆ ಇಬ್ಬರೇ ಉಳಿದರು.

"ನಿಂಗೊತ್ತಿತ್ತು, ನಾನೇ ನಿಲ್ಸಿದ್ದು ಅಂತ" ಎಂದಳು ಭಾಗ್ಯಮ್ಮ.

"ಗೊತ್ತಿತ್ತು ಅತ್ತೆ. ನೀವೇ ತಾನೆ ಹೇಳಿಕೊಟ್ಟಿದ್ದು."

"ಮತ್ತೆ ಅವತ್ತೇ ಯಾಕೆ ಯೋಳ್ಲಿಲ್ಲ?"

"ನೀವು ಹೇಳ್ತೀರ ಅಂತ ಕಾಯ್ತಾ ಇದ್ದೆ."

ಭಾಗ್ಯಮ್ಮನಿಗೆ ಕೂತಲ್ಲೇ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು. ಸೊಸೆ ತನ್ನ ಮಾನ ಕಾಯುತ್ತಿದ್ದಾಳೆ ಎಂದು ಇಷ್ಟು ದಿನ ತನಗೆ ತಾನೇ ಸಮಾಧಾನ ಹೇಳಿಕೊಂಡಿದ್ದಳು. ಅವಳ ಕೈ ಹಿಡಿದುಕೊಂಡು, "ತಪ್ಪಾಯ್ತು ಕಣವ್ವ. ಬಾ ಮನೇಗೆ" ಎಂದಳು.

ಶೋಭಾರಾಣಿ ಕೈ ಬಿಡಿಸಿಕೊಳ್ಳಲಿಲ್ಲ. ಆದರೆ ದನಿ ಗಟ್ಟಿಯಿತ್ತು. "ನನ್ನ ಹತ್ರ ಹೇಳಿ ಏನು ಬಂತು ಅತ್ತೆ? ನನಗೆ ಗೊತ್ತಿರೋದೇ. ಎಲ್ಲರ ಮುಂದೆ ಬೈದ್ರು ಮಾವ, ನಮ್ಮಮ್ಮನ ಮನೆ ತನಕ ಹೋದ್ರು. ನೀವೂ ಎಲ್ಲರ ಮುಂದೇನೇ ಹೇಳಿ. ಹಬ್ಬಕ್ಕೆ ಬರ್ತೀನಿ. ಹೇಳ್ಲಿಲ್ಲ ಅಂದ್ರೆ ಹಬ್ಬ ಮುಗಿಸಿ ವಾಪಸ್ ಬಂದ್ಬಿಡ್ತೀನಿ."

ಹೇಳಿದಂತೆ ಯುಗಾದಿಗೆ ಬಂದಳು. ಎಣ್ಣೆ ನೀರು, ಬೇವು ಬೆಲ್ಲ, ಒಬ್ಬಟ್ಟು ಎಲ್ಲ ಆಯಿತು. ಮಾವ ಸೊಸೆ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಭಾಗ್ಯಮ್ಮ ಬಾಯಿ ಬಿಡಲಿಲ್ಲ; ವರ್ಷದ ಮೊದಲ ದಿನ ಮನೆಯಲ್ಲಿ ಕಣ್ಣೀರು ಬಿದ್ದರೆ ವರ್ಷವೆಲ್ಲ ಬೀಳುತ್ತದೆ ಎಂಬ ನೆಪ ಸಿಕ್ಕಿತ್ತು. ರಾತ್ರಿ ಮಲಗುವಾಗ ನೋಡಿದರೆ ಸೊಸೆಯ ಬ್ಯಾಗು ಬಾಗಿಲ ಪಕ್ಕದಲ್ಲೇ ಇತ್ತು, ಬಿಚ್ಚಿರಲಿಲ್ಲ.

ವರ್ಷತೊಡಕಿನ ಮಧ್ಯಾಹ್ನ ಮನೆಯೆಲ್ಲ ಮಸಾಲೆಯ ಘಮ. ಹಜಾರದಲ್ಲಿ ಎಲ್ಲರೂ ಸೇರಿದ್ದರು. ಮೇಘಾ ಬಿರಡೆಗೆ ತಿರುಪು ಹಾಕಿ ಎಳೆದಳು. ಅರ್ಧ ಬಂತು, ಅರ್ಧ ಪುಡಿಪುಡಿಯಾಗಿ ಒಳಗೆ ಉದುರಿತು. ಅವಳು ತೊಳೆದ ಬಿಳಿ ಬಟ್ಟೆಯಲ್ಲಿ ಸೋಸಿ ಗಾಜಿನ ಹೂಜಿಗೆ ಮೆಲ್ಲಗೆ ಇಳಿಸತೊಡಗಿದಳು. ರಾಮಾಂಜಿನಪ್ಪ ಪಕ್ಕದಲ್ಲೇ ಬಗ್ಗಿ ನೋಡುತ್ತಿದ್ದ.

"ಪುಡಿಯಾಗೋಗಿದೆ" ಎಂದ. "ಮಲಗ್ಸಿದ್ರೆ ಇಂಗಾಗ್ತಿರ್ಲಿಲ್ಲ. ಯಾರೋ ಮಾಡಿದ ಕರ್ಮ, ಇನ್ಯಾರೋ ಉಣ್ಬೇಕು."

ಮುದ್ದೆಯ ತಟ್ಟೆ ಹಿಡಿದು ಬರುತ್ತಿದ್ದ ಶೋಭಾರಾಣಿ ಬಾಗಿಲಲ್ಲೇ ನಿಂತಳು.

"ಯಾರೋ ಅಲ್ಲ, ನಾನು" ಎಂದಳು ಭಾಗ್ಯಮ್ಮ.

ಎಲ್ಲರೂ ಅವಳ ಕಡೆ ತಿರುಗಿದರು.

"ನೀವು ಮಲಗ್ಸಿದ ಮುಂದಿನ ತಿಂಗ್ಳೇ ಎತ್ತಿ ನಿಲ್ಲಿಸ್ದೆ. ಸೇರಿಗೆ ತಗಲ್ತಿತ್ತು. ಆ ಬಿಳಿ ಗೆರೆನೂ ನಾನೇ ಉಜ್ಜಿ ತೊಳೆದದ್ದು. ಶೋಭಾ ನಾನು ಯೋಳ್ಕೊಟ್ಟಂಗೆ ಮಾಡಿದಾಳೆ, ಅವಳ್ದೇನೂ ಇಲ್ಲ."

"ಒರ್ಷೊರ್ಷ ಕೇಳ್ತಿದ್ನಲ್ಲೇ ನಿನ್ನ" ಎಂದ ರಾಮಾಂಜಿನಪ್ಪ. ದನಿ ಏರಲಿಲ್ಲ, ಅದೇ ಅವಳಿಗೆ ಹೆಚ್ಚು ಚುಚ್ಚಿತು.

"ಕೇಳ್ತಿದ್ರಿ. ಹೂಂ ಅಂತ ಸುಳ್ಳು ಯೋಳ್ತಿದ್ದೆ. ತಪ್ಪು ನಂದೇ, ಇಲ್ಲ ಅನ್ನಲ್ಲ." ಅವಳು ಅಷ್ಟಕ್ಕೇ ಬಿಡಲಿಲ್ಲ. "ಆದ್ರೆ ಒಂದು ಮಾತು. ಅಷ್ಟು ಪ್ರೀತಿಯ ಬಾಟ್ಲಿ. ಇಪ್ಪತ್ತೆಂಟೊರ್ಷದಾಗೆ ನೀವು ಒಂದಿನನಾದ್ರೂ ಆ ಡ್ರಮ್ಮಿನ ಮುಚ್ಚಳ ತೆಗ್ದು ನೋಡಿದ್ರಾ? ಒಂದು ಪಾವು ರಾಗಿ ಎತ್ತಿದ್ರಾ?"

ಅಂಬರೀಶ್ ನೆಲ ನೋಡಿದ. ರಾಮಾಂಜಿನಪ್ಪ ಎದ್ದ. ಸಣ್ಣ ಲೋಟವೊಂದಕ್ಕೆ ಹೂಜಿಯಿಂದ ಎರಡು ಗುಟುಕಿನಷ್ಟು ಬಗ್ಗಿಸಿದ. ಆ ಮನೆಯಲ್ಲಿ ಹೊಸ ಅಕ್ಕಿಯ ಅನ್ನವಾಗಲಿ, ಹೊಸ ಉಪ್ಪಿನಕಾಯಿಯಾಗಲಿ, ಮೊದಲ ತುತ್ತು ಯಜಮಾನನಿಗೇ. ಅವನು ಲೋಟ ಹಿಡಿದುಕೊಂಡು ಬಾಗಿಲಿಗೆ ಹೋಗಿ ಸೊಸೆಯ ಮುಂದೆ ನಿಂತ.

"ತಪ್ಪಾಯ್ತು ಕಣಮ್ಮ. ನಿನ್ನ ತವರಿನ ಮಾತೆತ್ತಬಾರ್ದಿತ್ತು ನಾನು. ತಗಾ, ಮೊದ್ಲು ನೀನು ನೋಡಿ ಯೋಳು."

"ನಾನಾ? ನನಗೇನು ಗೊತ್ತಾಗುತ್ತೆ ಮಾವ?"

"ನಂಗೂ ಗೊತ್ತಾಗ್ಲಿಲ್ಲ ಬಿಡು. ನೋಡು."

ಶೋಭಾರಾಣಿ ತಟ್ಟೆಯನ್ನು ಮೇಜಿನ ಮೇಲಿಟ್ಟು, ಲೋಟವನ್ನು ಎರಡೂ ಕೈಯಲ್ಲಿ ಇಸಿದುಕೊಂಡಳು. ಮೂಸಿದಳು. ಕಣ್ಣು ಮುಚ್ಚಿ ಒಂದು ಗುಟುಕು ಬಾಯಲ್ಲಿ ಹಿಡಿದಳು. ಮಾವ ಅವಳ ಮುಖವನ್ನೇ ನೋಡುತ್ತಿದ್ದ, ಹಿಂದೆ ಕುಲುಮೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದಷ್ಟೇ ಗಮನವಿಟ್ಟು. ಭಾಗ್ಯಮ್ಮ ನೋಡಲಾರದೆ ತಲೆ ತಗ್ಗಿಸಿದಳು.

"ಕೆಟ್ಟಿಲ್ಲ ಮಾವ" ಎಂದಳು ಶೋಭಾರಾಣಿ. "ಒಣದ್ರಾಕ್ಷಿ ಥರ ಇದೆ. ಕೊನೇಲಿ ಚೂರು ಹುಳಿ. ಸ್ವಲ್ಪ ಮುಂಚೇನೇ ತೆಗೀಬೇಕಿತ್ತು, ಅಷ್ಟೆ."

ಎಲ್ಲರೆದುರು ಅಷ್ಟೂ ಮಾತಾಡಿ ಮುಗಿಸುವಾಗ ಅಳದ ಭಾಗ್ಯಮ್ಮ ಈಗ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದಳು. ಅಂಬರೀಶ್ ಏಳಲು ಹೋದ. ಶೋಭಾರಾಣಿ ಬೇಡವೆಂದು ಕೈ ಸನ್ನೆ ಮಾಡಿ, ಅತ್ತೆಯ ಪಕ್ಕ ಬಂದು ಕೂತು, ತಟ್ಟೆಯನ್ನು ಅವಳ ಮುಂದಕ್ಕೆ ಎಳೆದಳು.

"ಅಳೋದು ಆಮೇಲೆ ಅತ್ತೆ. ಮುದ್ದೆ ಆರಿಹೋಗುತ್ತೆ, ಮೊದಲು ಉಣ್ಣಿ."